ಇಪ್ಪತ್ತಾರೂವರೆ

ಅಕ್ಟೋಬರ್ 19, ಶನಿವಾರ

ಧ್ರುವನ ಕಾಲು ಪಾಸಾಯಿತು. ಫಿಸಿಯೋಥೆರಪಿಯ ಮೇರಿ ಅವನನ್ನು ಒಂಟಿಕಾಲಲ್ಲಿ ನಿಲ್ಲಿಸಿದಳು, ಕುಪ್ಪಳಿಸಲು ಹೇಳಿದಳು, ಮೆಟ್ಟಿಲಿಂದ ಕೆಳಕ್ಕೆ ಹಾರಿಸಿದಳು. ಕೊನೆಗೆ, ಇನ್ನು ನೀನು ಇಲ್ಲಿಗೆ ಬರುವುದು ಬೇಡ ಎಂದಳು. ಫೆಬ್ರವರಿಯಲ್ಲಿ ಗುಲ್ಮಾರ್ಗಿನಲ್ಲಿ ಸ್ನೋಬೋರ್ಡ್ ಆಡುವಾಗ ಬಿದ್ದು ಮುರಿದುಕೊಂಡ ಎಡಗಾಲಿನ ಹರಡು ಅದು. ಒಳಗೆ ಒಂದು ಪ್ಲೇಟು, ಆರು ಸ್ಕ್ರೂ ಇವೆ. ಜನವರಿಯಲ್ಲಿ ಮತ್ತೆ ಅಲ್ಲಿಗೇ ಹೋಗುತ್ತಾನಂತೆ. ಇಪ್ಪತ್ತೈದು ವರ್ಷದ ಮಗನನ್ನು ಕಟ್ಟಿಹಾಕುವುದಕ್ಕಾಗುತ್ತದೆಯೇ?

ಮೇರಿ ಓದಿದ್ದು ಮೈಸೂರಿನಲ್ಲಿ, ಈ ಮಲಯಾಳಿಗಳ ಊರಿನಲ್ಲೂ ನಮ್ಮ ಜೊತೆ ಕನ್ನಡದಲ್ಲೇ ಮಾತು. "ಒಂದೇ ಕಂಡೀಷನ್ ಸರ್. ಬೂಟ್ ಸರಿಯಾಗಿರಬೇಕು. ಅವತ್ತು ಹಾಕಿದ್ದು ಲೂಸ್ ಇತ್ತು ಅಲ್ವಾ?"

ಧ್ರುವ ಎಂದಿನಂತೆ ಇಂಗ್ಲಿಷಿನಲ್ಲಿ ಉತ್ತರಿಸಿದ. ಒಂದು ಸೈಜ್ ದೊಡ್ಡದಿತ್ತು, ನನ್ನ ಸೈಜ್ ಸ್ಟಾಕ್ ಇರಲಿಲ್ಲ, ಕಾಯಬೇಕಿತ್ತು, ಆತುರಪಟ್ಟೆ, ನನ್ನದೇ ತಪ್ಪು ಎಂದ. ಎಂಟು ತಿಂಗಳಿಂದ ಎಲ್ಲರಿಗೂ ಇದನ್ನೇ ಹೇಳುತ್ತಿದ್ದಾನೆ. ನಾನು ಗೋಡೆಯ ಮೇಲಿದ್ದ ಮೂಳೆಗಳ ಚಿತ್ರ ನೋಡುತ್ತ ನಿಂತಿದ್ದೆ.

ಇಲ್ಲಿ ಬರೆದಿಡುತ್ತೇನೆ, ಬಾಯಿಬಿಟ್ಟು ಹೇಳುವ ಧೈರ್ಯವಂತೂ ಇಲ್ಲ. ಸ್ಟಾಕ್ ಇತ್ತು. ಹೋದ ಡಿಸೆಂಬರಿನಲ್ಲಿ ಅವನು ಬೂಟಿನ ಲಿಂಕ್ ಕಳಿಸಿ, ಇಪ್ಪತ್ತಾರೂವರೆ ಎಂದು ಬರೆದಿದ್ದ. ಹುಟ್ಟುಹಬ್ಬದ ಉಡುಗೊರೆ, ಆರ್ಡರ್ ಮಾಡಿದವನು ನಾನು. ದಪ್ಪ ಕಾಲುಚೀಲ ಹಾಕಬೇಕಾಗುತ್ತದೆ, ಬೆರಳಿಗೆ ಒಂದಿಷ್ಟು ಜಾಗ ಬೇಕು ಎಂದುಕೊಂಡು ಇಪ್ಪತ್ತೇಳೂವರೆ ಒತ್ತಿದೆ. ಒಂದನೇ ಕ್ಲಾಸಿನಿಂದ ಅವನಿಗೆ ಒಂದು ಸೈಜ್ ದೊಡ್ಡ ಶೂ ಕೊಡಿಸಿ ಮುಂದೆ ಹತ್ತಿ ತುರುಕಿದ ಕೈ ಇದು. ಡಬ್ಬಿ ತೆಗೆದು ಅವನು ಕೇಳಿದಾಗ, "ನಿನ್ನ ಸೈಜ್ ಸ್ಟಾಕ್ ಇರ್ಲಿಲ್ಲ ಕಣೋ" ಎಂದೆ. ಎರಡು ಜೊತೆ ಕಾಲುಚೀಲ ಹಾಕಿಕೊಂಡು ಹೋದ. ಇಳಿಜಾರಿನಲ್ಲಿ ತಿರುಗುವಾಗ ಬೂಟಿನೊಳಗೆ ಹಿಮ್ಮಡಿ ಎದ್ದಿತು. ಹಲಗೆ ಒಂದು ಕಡೆ ಹೋಯಿತು, ಮೈ ಒಂದು ಕಡೆ ಹೋಯಿತು.

ಈ ಸಲದ ಬೂಟು ಆರಿಸುವ ಜವಾಬ್ದಾರಿ ನನ್ನದು ಎಂದು ಮೇರಿಯ ಎದುರಿಗೇ ಘೋಷಿಸಿದೆ. ಧ್ರುವ ಫೋನಿನಿಂದ ತಲೆಯೆತ್ತದೆ ಮಲಯಾಳದಲ್ಲಿ "ಶರಿ" ಎಂದ.

ಅಕ್ಟೋಬರ್ 24, ಗುರುವಾರ

ಐದು ದಿನದಿಂದ ಓದುತ್ತಿದ್ದೇನೆ. ಸ್ನೋಬೋರ್ಡ್ ಬೂಟು ಎನ್ನುವುದು ದೊಡ್ಡ ವಿದ್ಯೆ. ಮೆತ್ತಗಿನದು ಆಟವಾಡುವವರಿಗೆ, ಗಡುಸಾದದ್ದು ವೇಗದವರಿಗೆ. ಧ್ರುವನಂತೆ ಬೆಟ್ಟದ ಮೇಲೆಲ್ಲ ಅಲೆಯುವವರಿಗೆ, ಅಂದರೆ ಹದ ಮಾಡಿದ ಇಳಿಜಾರು, ಹೊಸ ಹಿಮ, ಮರಗಳ ಸಂದು ಎಲ್ಲವೂ ಬೇಕೆನ್ನುವವರಿಗೆ, 'ಆಲ್ ಮೌಂಟನ್' ಎಂಬ ನಡುವಿನ ಜಾತಿ. ಗಡಸುತನ ಹತ್ತರಲ್ಲಿ ಆರು ಇದ್ದರೆ ಸರಿ. ಬಿಗಿಯುವುದಕ್ಕೆ ಲೇಸು, ಎಳೆಯುವ ದಾರ, ತಿರುಗಿಸುವ ಡಯಲು ಎಂದು ಮೂರು ಬಗೆ. ಒಳಗಿನ ಮೆತ್ತೆಯನ್ನು ಬಿಸಿ ಮಾಡಿದರೆ ಕಾಲಿನ ಆಕಾರಕ್ಕೆ ಕೂರುತ್ತದಂತೆ. ಸೈಜು ಮಾತ್ರ ಸರಳ: ಪಾದದ ಉದ್ದ ಎಷ್ಟು ಸೆಂಟಿಮೀಟರೋ ಅದೇ ಸೈಜು. ಅದನ್ನೇ ನಾನು ಕೆಡಿಸಿದ್ದು.

ಹತ್ತೊಂಬತ್ತು ಬೂಟುಗಳ ಪಟ್ಟಿ ಮಾಡಿದ್ದೇನೆ. ಅನಸೂಯಾ ಹಿಂದಿನಿಂದ ಬಂದು ಇಣುಕಿದಳು. "ನನ್ನ ನೋಡೋಕೆ ಬಂದಾಗ ಹತ್ತು ನಿಮಿಷದಲ್ಲಿ ಒಪ್ಕೊಂಡ್ರಿ. ಬೂಟಿಗೆ ಐದು ದಿನವಾ?"

"ನಿನಗೆ ಸೈಜು, ಗಡಸುತನ ಅಂತ ಏನೂ ಇರ್ಲಿಲ್ಲವಲ್ಲ."

"ಎರಡೂ ಇತ್ತು. ನೀವು ಕೇಳ್ಲಿಲ್ಲ," ಎಂದು ಹೋದಳು.

ನಮ್ಮ ಗೆಡ್ಡೆಬೆಳೆ ಸಂಶೋಧನಾ ಸಂಸ್ಥೆಯಲ್ಲಿ ನನ್ನ ಕೈಕೆಳಗಿನ ಮನೋಜ್ ಹೊಸ ಪ್ರಯೋಗದ ಕಾಗದ ತಂದಿದ್ದ. ಮರಗೆಣಸಿನ ಸಾಲುಗಳನ್ನು ಇನ್ನೂ ಹತ್ತಿರ ನೆಡಬೇಕಂತೆ, ಗಿಡದಿಂದ ಗಿಡಕ್ಕೆ ಎರಡೇ ಅಡಿ. ಮೂರು ಅಡಿಗೆ ಒಂದು ಇಂಚೂ ಕಮ್ಮಿ ಕೂಡದು ಎಂದು ಗೆರೆ ಎಳೆದು ವಾಪಸ್ ಕೊಟ್ಟೆ. ಇಪ್ಪತ್ತೆಂಟು ವರ್ಷ ಗೆಡ್ಡೆ ಬೆಳೆಸಿದ್ದೇನೆ, ಗಿಡಕ್ಕೆ ಜಾಗ ಕೊಟ್ಟು ನಾನು ಯಾವತ್ತೂ ಸೋತಿಲ್ಲ.

ಅಕ್ಟೋಬರ್ 27, ಭಾನುವಾರ

ಧ್ರುವನ ಪಾದ ಅಳೆದೆ. ಹಿಮ್ಮಡಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಕೆಳಗೆ ಕಾಗದ ಹಾಸಿ, ಪೆನ್ಸಿಲಿನಿಂದ ಸುತ್ತ ಗೆರೆ ಎಳೆದೆ. ಎಡ ಇಪ್ಪತ್ತಾರು ಪಾಯಿಂಟ್ ಮೂರು, ಬಲ ಇಪ್ಪತ್ತಾರು ಪಾಯಿಂಟ್ ಎರಡು. ಎಡ ಹರಡಿನ ಸುತ್ತಳತೆ ಬಲಕ್ಕಿಂತ ಒಂದೂವರೆ ಸೆಂಟಿಮೀಟರ್ ಹೆಚ್ಚು. ಹೊಲಿಗೆಯ ಗುರುತು ಗುಲಾಬಿ ಬಣ್ಣದಲ್ಲೇ ಇದೆ, ಮುಟ್ಟಿದರೆ ಚರ್ಮ ಗಟ್ಟಿ. ಆಸ್ಪತ್ರೆಯಿಂದ ಬಂದ ಮೇಲೆ ಆ ಕಾಲಿಗೆ ಎಣ್ಣೆ ಹಚ್ಚಿ ಒತ್ತಿದವಳು ಅನಸೂಯಾ. ನಾನು ಈ ಎಂಟು ತಿಂಗಳಲ್ಲಿ ಅದನ್ನು ಕೈಯಲ್ಲಿ ಹಿಡಿದದ್ದು ಇದೇ ಮೊದಲು.

ಪೆನ್ಸಿಲ್ ಅಂಗಾಲಿನ ಕಮಾನಿಗೆ ತಾಗಿದಾಗ "ಇಕ್ಕಿಳಿ, ಅಪ್ಪಾ!" ಎಂದು ಕಾಲು ಎಳೆದುಕೊಂಡು ನಕ್ಕ. ಚಿಕ್ಕವನಿದ್ದಾಗಲೂ ಹಾಗೆಯೇ ಕಚಗುಳಿ. ಆಗಲೇ ಹೇಳಿಬಿಡಬೇಕಿತ್ತು. ನಗುತ್ತಿರುವವನಿಗೆ ಹೇಗೆ ಹೇಳುವುದು ಎಂದು ಬಿಟ್ಟೆ. ಅಳುತ್ತಿರುವಾಗಲೂ ಹೇಳಿರಲಿಲ್ಲ ಎನ್ನುವುದು ಬೇರೆ ಮಾತು.

ನವೆಂಬರ್ 4, ಸೋಮವಾರ

ದೀಪಾವಳಿ ಮುಗಿಸಿ ಧ್ರುವ ಕೊಚ್ಚಿಗೆ ಹೋದ. ವಿಲ್ಲಿಂಗ್ಡನ್ ಐಲ್ಯಾಂಡಿನ ಶಿಪ್ಪಿಂಗ್ ಆಫೀಸಿನವರು ಮನೆಯಿಂದ ಕೆಲಸ ಮಾಡಿದ್ದು ಸಾಕು, ಬಾ ಎಂದಿದ್ದಾರೆ. ಹಬ್ಬದ ನಾಲ್ಕು ದಿನ ಮನೆಯಲ್ಲಿ ಎದುರುಬದುರು ಕೂತು ಉಂಡೆವು. ಹೇಳಲಿಲ್ಲ.

ನವೆಂಬರ್ 9, ಶನಿವಾರ

ಬೆಳಗಿನ ರೈಲಿಗೆ ಕೊಚ್ಚಿಗೆ ಹೋದೆ. ವೈಟ್ಟಿಲದ ಹತ್ತಿರ ಇಬ್ರಾಹಿಂ ಎಂಬವರ ಅಂಗಡಿ. ಮನಾಲಿ, ಕಾಶ್ಮೀರಕ್ಕೆ ಹೊರಡುವ ಮಲಯಾಳಿಗಳಿಗೆ ಕೋಟು, ಕೈಗವಸು, ಬೂಟು ಮಾರುತ್ತಾರೆ, ಬಾಡಿಗೆಗೂ ಕೊಡುತ್ತಾರೆ. ಹೊರಗೆ ಬಸ್ಸುಗಳ ಹೊಗೆ, ಸೆಕೆ. ಒಳಗೆ ಏಸಿ ಹಾಕಿ, ಹಿಮದ ಪೋಸ್ಟರಿನ ಕೆಳಗೆ ಕೂರಿಸಿದರು. ಗಡಿನಾಡಿನ ಉಪ್ಪಳದ ಕಡೆಯವರು. ನನ್ನ ಮಲಯಾಳಂ ಎರಡು ವಾಕ್ಯ ಕೇಳಿದ್ದೇ ಕನ್ನಡಕ್ಕೆ ತಿರುಗಿದರು.

ನಾನು ನನ್ನ ಪಟ್ಟಿ ಬಿಚ್ಚಿದೆ. ಅದನ್ನು ಮಡಚಿ ನನ್ನ ಜೇಬಿಗೇ ಇಟ್ಟರು. "ಇದೆಲ್ಲ ಮತ್ತೆ ನೋಡುವ ಸಾರ್. ಮೊದಲು ಕಾಲು ಎಂತ ಹೇಳ್ತದೆ ಕೇಳುವ."

ಧ್ರುವನಿಗೆ ಒಂದೇ ಒಂದು ತೆಳು ಕಾಲುಚೀಲ ಕೊಟ್ಟರು. ಎರಡು ಬೇಡವೇ ಎಂದೆ. ಎರಡು ಹಾಕಿದರೆ ಒಂದರ ಮೇಲೊಂದು ಜಾರುತ್ತದೆ, ಬೆವರಿ ತಣ್ಣಗಾಗುತ್ತದೆ ಎಂದರು. ಬೂಟು ಹಾಕಿಸಿ, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿಸಿ, ಆಮೇಲೆ ಬಿಗಿದರು. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ಸವರಬೇಕು, ಮಂಡಿ ಬಗ್ಗಿಸಿದಾಗ ಹಿಂದೆ ಸರಿಯಬೇಕು, ಹಿಮ್ಮಡಿ ಮಾತ್ರ ಕದಲಬಾರದು. ಇಷ್ಟೇ ಶಾಸ್ತ್ರ.

"ಬೆರಳು ತಾಗ್ತಾ ಇದೆಯಂತಲ್ಲ, ಸ್ವಲ್ಪ ಜಾಗ ಬೇಡವೇ?" ಎಂದೆ.

"ಇದೆಂತ ಗದ್ದೆಯಾ ಸಾರ್, ಜಾಗ ಬಿಡ್ಲಿಕ್ಕೆ? ಒಳಗಿನ ಮೆತ್ತೆ ನಾಲ್ಕು ದಿನದಲ್ಲಿ ತನ್ನಷ್ಟಕ್ಕೆ ಸಡಿಲ ಆಗ್ತದೆ. ಈಗಲೇ ಸಡಿಲ ಇದ್ರೆ ಆಗ ಎಂತ ಮಾಡ್ತೀರಿ?" ಆಮೇಲೆ ಧ್ರುವನ ಹೊಲಿಗೆಯ ಗುರುತು ನೋಡಿ ಕೇಳಿದರು. ಧ್ರುವ ಮಾಮೂಲಿನ ಕತೆ ಹೇಳಿದ. ಇಬ್ರಾಹಿಂ ನಾಲಿಗೆಯಿಂದ ಲೊಚ್ಚೆಂದರು. "ಅದನ್ನು ಮಾರಿದವನ ಕಿವಿ ಹಿಂಡಬೇಕು."

ನಾನು ನೀರು ಕೇಳಿ ಕುಡಿದೆ.

ಎರಡು ಜೊತೆ ಮನೆಗೇ ಕೊಟ್ಟು ಕಳಿಸಿದ್ದಾರೆ, ಎರಡೂ ಇಪ್ಪತ್ತಾರೂವರೆ. ಮನೆಯೊಳಗೆ ಮಾತ್ರ ಹಾಕಬೇಕು, ದಿನಕ್ಕೊಂದು ಗಂಟೆ ನಿಲ್ಲಬೇಕು, ನಡೆಯಬೇಕು. ಅಟ್ಟೆಗೆ ಹೊರಗಿನ ಮಣ್ಣು ತಾಗಿದರೆ ವಾಪಸ್ ತೆಗೆದುಕೊಳ್ಳುವುದಿಲ್ಲ. ಸಂಜೆಯ ರೈಲಿಗೆ ಇಬ್ಬರೂ ಡಬ್ಬಿ ಹೊತ್ತು ಬಂದೆವು.

ನವೆಂಬರ್ 10, ಭಾನುವಾರ

ಮನೆಯೊಳಗೆ ಮಾತ್ರ ಹಾಕಬೇಕಾದ ಬೂಟು ಎಂದರೆ ಅನಸೂಯಾಗೆ ಅರ್ಥವೇ ಆಗಲಿಲ್ಲ. ಇಪ್ಪತ್ತೆಂಟು ವರ್ಷದಿಂದ ಈ ಮನೆಯ ಹೊಸಿಲು ಒಂದು ಚಪ್ಪಲಿಯನ್ನೂ ದಾಟಲು ಬಿಟ್ಟಿಲ್ಲ ಅವಳು. ನಮ್ಮ ಡೈರೆಕ್ಟರ್ ಸಹ ಕಾಲುಚೀಲದಲ್ಲಿ ಕೂತು ಕಾಫಿ ಕುಡಿದು ಹೋಗಿದ್ದಾರೆ.

"ಹೊರಗಡೆ ಹಾಕೋ ಹಾಗಿಲ್ಲ, ಒಳಗಡೆ ಹಾಕ್ಬೇಕು! ಯಾವ ಊರಿನ ಮೆಟ್ಟು ಇದು?"

"ಇನ್ನೂ ಭೂಮಿ ಮುಟ್ಟದ ಮೆಟ್ಟು ಕಣೇ. ನಿನ್ನ ಸ್ಟೀಲ್ ಡಬ್ಬಕ್ಕಿಂತ ಮಡಿ."

ಹಳೆಯ ಜಮಖಾನ ಹಾಸಿ, ಅದರ ಮೇಲೆ ಮಾತ್ರ, ಅಡಿಗೆಮನೆಯ ಕಡೆ ಹೆಜ್ಜೆ ಇಡಕೂಡದು ಎಂದು ಅಪ್ಪಣೆ ಕೊಟ್ಟಳು. ಧ್ರುವ ಚಡ್ಡಿ ಬನಿಯನ್ನಿನ ಮೇಲೆ ಆ ಗುಡಾಣದಂಥ ಬೂಟು ತೊಟ್ಟು ಜಮಖಾನದ ಮೇಲೆ ಮಂಡಿ ಬಗ್ಗಿಸಿ ನಿಂತ. ಫ್ಯಾನು ಐದರಲ್ಲಿದ್ದರೂ ಬೆವರು ಗಲ್ಲದಿಂದ ಇಳಿಯುತ್ತಿತ್ತು. ಬೆಳಿಗ್ಗೆ ಬೂದು ಬಣ್ಣದ ಜೊತೆ: ಬಲಗಾಲಿನ ಹಿಮ್ಮಡಿ ಏಳುತ್ತದೆ, ಆಗದು. ಮಧ್ಯಾಹ್ನ ಕಪ್ಪು, ಡಯಲಿನದು. ಮುಂದೆ ಬಗ್ಗಿದರೂ ಪಕ್ಕಕ್ಕೆ ವಾಲಿದರೂ ಹಿಮ್ಮಡಿ ಅಲುಗಲಿಲ್ಲ. ಅನಸೂಯಾ ಒಗ್ಗರಣೆ ಸೌಟು ಹಿಡಿದು ಬಂದು, "ತುದಿಗಾಲಲ್ಲಿ ನಿಂತ್ಕೋ, ಈಗ ಈ ಕಡೆ ವಾಲು" ಎಂದು ತಾನೇ ಪರೀಕ್ಷೆ ಶುರು ಮಾಡಿದಳು. ಸೌಟಿನಿಂದ ಎಣ್ಣೆ ಜಮಖಾನಕ್ಕೆ ತೊಟ್ಟಿಕ್ಕಿತು.

"ಇದು ಮದಿ," ಎಂದ ಧ್ರುವ. ಇದೇ ಸಾಕು ಎಂದು.

ಬೆರಳು ಹೇಗಿದೆ ಎಂದು ಕೇಳಿದೆ. ತಾಗುತ್ತದೆ, ಆದರೆ ನೋಯುವುದಿಲ್ಲ, ಕುಳಪ್ಪಮಿಲ್ಲ, ಏನೂ ತೊಂದರೆಯಿಲ್ಲ ಎಂದ. ಅವನ ಹೆಬ್ಬೆರಳು ಬೂಟಿನೊಳಗಿನ ಕತ್ತಲೆಯಲ್ಲಿ ಗೋಡೆಗೆ ಮೂಗು ಒತ್ತಿಕೊಂಡು ನಿಂತಿರುವುದು ನನಗೆ ಕಾಣುತ್ತಲೇ ಇತ್ತು.

ನವೆಂಬರ್ 13, ಬುಧವಾರ

ಸೋಮವಾರ ಅವನು ಹಾಕಿ ನೋಡಲಷ್ಟೇ ಕೊಟ್ಟಿದ್ದ ಎರಡೂ ಜೊತೆ ವಾಪಸ್ ಕೊಟ್ಟು, ಕಪ್ಪು ಬೂಟಿನ ಹೊಸ ಜೊತೆ ತರಿಸಲು ಇಬ್ರಾಹಿಮರಿಗೆ ಹೇಳಿದ್ದಾನೆ.

ಇವತ್ತು ಊಟದ ಹೊತ್ತಿಗೆ ನಾನು ಇಬ್ರಾಹಿಮರಿಗೆ ಫೋನ್ ಮಾಡಿದೆ. ಕಪ್ಪು ಬೂಟು ಸರಿ, ಇಪ್ಪತ್ತೇಳು ತರಿಸಿ ಎಂದೆ. ಅರ್ಧ ಸೈಜು, ಹೆಚ್ಚೇನಲ್ಲ. ಚಳಿಗೆ ಕಾಲು ಊದಿಕೊಂಡರೆ? ಹರಡು ಬೇರೆ ದಪ್ಪಗಿದೆ.

"ಮಗನಿಗೆ ಗೊತ್ತುಂಟಾ ಸಾರ್?" ಎಂದರು.

ಮತ್ತೆ ಮಾಡುತ್ತೇನೆ ಎಂದು ಫೋನ್ ಇಟ್ಟೆ. ಅದೇ ಕೆಲಸ, ಅದೇ ಸಮಾಧಾನ, ಅಕ್ಷರ ಅಕ್ಷರ ಅದೇ. ನನ್ನ ಬಗ್ಗೆ ನನಗೇ ಹೆದರಿಕೆಯಾಯಿತು. ಆ ಆರು ಸ್ಕ್ರೂಗಳ ಎಕ್ಸ್‌ರೇ ಇನ್ನೂ ನನ್ನ ಬೀರುವಿನಲ್ಲಿದೆ.

ಸಂಜೆ ಮತ್ತೆ ಫೋನ್ ಮಾಡಿ, ನನ್ನ ಮಾತು ಮರೆತುಬಿಡಿ, ಅವನು ಹೇಳಿದ್ದನ್ನೇ ತರಿಸಿ ಎಂದೆ. "ಒಳ್ಳೇದಾಯ್ತು ಸಾರ್, ನಾನು ಬರ್ಕೊಂಡೇ ಇರ್ಲಿಲ್ಲ," ಎಂದರು.

ನವೆಂಬರ್ 16, ಶನಿವಾರ

ಹೇಳಿದೆ.

ಎರ್ನಾಕುಲಂ ಜೆಟ್ಟಿಯಿಂದ ಬೋಟು ಹಿಡಿದು ಐಲ್ಯಾಂಡಿಗೆ ಹೋದೆ. ಅವನ ಆಫೀಸು ಶನಿವಾರ ಒಂದು ಗಂಟೆಗೆ ಮುಗಿಯುತ್ತದೆ. ಇದ್ದಕ್ಕಿದ್ದಂತೆ ನಾನು ಬಂದದ್ದು ನೋಡಿ ಅಮ್ಮನಿಗೆ ಏನಾಯಿತು ಎಂದು ಗಾಬರಿಯಾದ. ಏನಿಲ್ಲ ಎಂದು ನೀರಿನ ಪಕ್ಕ ಮರದ ನೆರಳಿಗೆ ಕರೆದುಕೊಂಡು ಹೋದೆ. ಎದುರಿಗೆ ಹಡಗಿನಿಂದ ಕಂಟೇನರ್ ಇಳಿಸುತ್ತಿದ್ದರು. ರೈಲಿನಲ್ಲಿ ನಾಲ್ಕು ಗಂಟೆ ಕಟ್ಟಿಕೊಂಡು ಬಂದ ಪೀಠಿಕೆಯೆಲ್ಲ ಮರೆತುಹೋಯಿತು. ಸ್ಟಾಕ್ ಇತ್ತು ಧ್ರುವ, ನಾನೇ ಸೈಜ್ ಬದಲಾಯಿಸಿದ್ದು, ನಿನಗೆ ಸುಳ್ಳು ಹೇಳಿದೆ ಎಂದೆ. ಬುಧವಾರದ ಫೋನಿನದನ್ನೂ ಹೇಳಿದೆ.

ಅವನು ಮೊದಲು ನಕ್ಕ, ತಮಾಷೆ ಎಂದುಕೊಂಡು. ಆಮೇಲೆ ಮುಖ ಕೆಂಪಾಯಿತು.

"ಒಂಬತ್ತು ತಿಂಗಳು ಅಪ್ಪಾ! ಒಂಬತ್ತು ತಿಂಗಳಿಂದ ನನ್ನನ್ನ ನಾನೇ ಬೈಕೊಂಡಿದ್ದೀನಿ. ಸಿಕ್ಕಿದೋರಿಗೆಲ್ಲ ನಂದೇ ತಪ್ಪು ಅಂತ ಹೇಳ್ಕೊಂಡು ಬಂದೆ. ನೀವು ಪಕ್ಕದಲ್ಲೇ ನಿಂತು ಕೇಳಿಸ್ಕೊಂಡ್ರಿ. ಬಾತ್‌ರೂಮಿಗೆ ನನ್ನ ಎತ್ಕೊಂಡು ಹೋಗೋವಾಗ್ಲೂ ಹೇಳ್ಬೇಕು ಅನ್ನಿಸ್ಲಿಲ್ವಾ?"

ನಿನ್ನ ಒಳ್ಳೆಯದಕ್ಕೇ ಎಂದು ಬಾಯಿ ತೆರೆದೆ.

"ಬೇಡ! ಅದೊಂದು ಹೇಳ್ಬೇಡಿ. ಬೂಟು ದೊಡ್ಡದಾಯ್ತು ಅಂತಲ್ಲ ನಂಗೆ ಕೋಪ. ನನ್ನ ಕಾಲು ನಂಗೆ ಗೊತ್ತಿರಲ್ವಾ? ಒಂದು ಸಲ, ಒಂದೇ ಒಂದು ಸಲ, ನನ್ನ ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಹಿಂದಿರುಗಿ ನೋಡದೆ ಆಫೀಸಿನ ಕಡೆ ನಡೆದ. ಎಡಗಾಲು ಸ್ವಲ್ಪವೂ ಕುಂಟಲಿಲ್ಲ, ಅದನ್ನು ಗಮನಿಸಿದೆ.

ಬೋಟಿನಲ್ಲಿ ಕೂತ ಮೇಲೆ ಹೊಳೆಯಿತು, ಅಷ್ಟೂ ಬೈಗುಳ ಕನ್ನಡದಲ್ಲಿತ್ತು. ಐದನೇ ಕ್ಲಾಸಿನಿಂದ ನಮಗೆ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುವ ಹುಡುಗ. ಇಷ್ಟು ಕನ್ನಡ ಇವನೊಳಗೆ ಇದೆಯೆಂದು ನನಗೆ ಗೊತ್ತಿರಲಿಲ್ಲ. ಬಹಳ ದುಃಖವಾಯಿತು. ಟಿಕೆಟ್ ಕೊಡುವವನು ಎರಡು ಸಲ ಕೇಳಬೇಕಾಯಿತು.

ನವೆಂಬರ್ 18, ಸೋಮವಾರ

ಫೋನ್ ಇಲ್ಲ.

ನವೆಂಬರ್ 21, ಗುರುವಾರ

ಇಲ್ಲ. ಅನಸೂಯಾ ಜೊತೆ ಮಾತಾಡಿದ್ದಾನೆ. ನನ್ನನ್ನು ಕೇಳಲಿಲ್ಲ.

ನವೆಂಬರ್ 24, ಭಾನುವಾರ

ಅನಸೂಯಾಗೂ ಹೇಳಿದೆ. ಅವರೆಕಾಯಿ ಮೈಸೂರಿನಿಂದ ಬಂದಿತ್ತು, ಇಬ್ಬರೂ ಕೂತು ಬಿಡಿಸುತ್ತಿದ್ದೆವು. ಅವಳ ಕೈ ನಿಲ್ಲಲಿಲ್ಲ. ಪೂರ್ತಿ ಕೇಳಿ, ತಟ್ಟೆಯಲ್ಲಿದ್ದದ್ದನ್ನೆಲ್ಲ ಬಿಡಿಸಿ ಮುಗಿಸಿ, "ನನಗೂ ಸ್ಟಾಕ್ ಇಲ್ಲ ಅಂತಲೇ ಹೇಳಿದ್ರಿ" ಎಂದಳು.

ಹೌದು ಎಂದೆ.

"ರಾತ್ರಿಯೆಲ್ಲ ನೋವು ಅಂತ ಅವನು ಒದ್ದಾಡ್ತಿದ್ರೆ, ಇಷ್ಟು ದೊಡ್ಡ ಹುಡುಗ, ತನ್ನ ಕಾಲಳತೆ ಬೂಟಿಗೆ ಕಾಯೋಷ್ಟು ತಾಳ್ಮೆ ಇಲ್ವಲ್ಲ ಅಂತ ನಾನೂ ಬೈದಿದ್ದೀನಿ ರೀ ಅವನಿಗೆ." ಕಣ್ಣು ಒರೆಸಿಕೊಂಡಳು. ಸಿಪ್ಪೆಯೆಲ್ಲ ಬಾಚಿ ನನ್ನ ಮುಂದೆ ಇಟ್ಟು ಎದ್ದು ಹೋದಳು. ಕ್ಷಮೆ ಕೇಳಬೇಕು ಎನ್ನಿಸಿತು, ಅವಳು ಬಾಗಿಲು ಹಾಕಿಕೊಂಡಿದ್ದಳು. ಸಂಜೆ ಕೇಳಿದೆ. "ಅವನನ್ನ ಕೇಳಿದ್ರಾ?" ಎಂದಳು. ಇಲ್ಲ ಎಂದೆ. ಹೇಳಿದೆನೇ ಹೊರತು ಕ್ಷಮಿಸು ಅಂದಿರಲಿಲ್ಲ.

ಅವನು ಫೋನ್ ಎತ್ತುವುದಿಲ್ಲವೆಂದು ಮೆಸೇಜ್ ಬರೆಯಹೊರಟೆ. ಕನ್ನಡ ಅಕ್ಷರ ಅವನಿಗೆ ಓದಲು ಬರುವುದಿಲ್ಲ, ಆದ್ದರಿಂದ ಬಾಯಲ್ಲೇ ಹೇಳಿ ಕಳಿಸಿದೆ. ಹನ್ನೊಂದು ಸೆಕೆಂಡು. ಕೇಳಿದ್ದಾನೆ ಎಂದು ನೀಲಿ ಗುರುತು ತೋರಿಸುತ್ತಿದೆ.

ಡಿಸೆಂಬರ್ 5, ಗುರುವಾರ

ಮನೋಜ್ ಮತ್ತೆ ಎರಡಡಿಯ ಕಾಗದ ತಂದ. ಯಾಕೆ ಹಾಗೆ ಅನ್ನಿಸುತ್ತದೆ ಎಂದು ಕೇಳಿದೆ. ಮುಕ್ಕಾಲು ಗಂಟೆ ವಿವರಿಸಿದ, ಪಾಪ, ಎಷ್ಟು ದಿನದಿಂದ ಹೇಳಬೇಕೆಂದಿದ್ದನೋ. ನೆಟ್ಟು ನೋಡು ಎಂದು ಸಹಿ ಹಾಕಿದೆ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಬೇಯಿಸಿದ ಮರಗೆಣಸಿನ ಕಪ್ಪ, ಮೀನಿಲ್ಲದ ಸಾರು. ಬೇರೆ ವಿಶೇಷವಿಲ್ಲ.

ಡಿಸೆಂಬರ್ 22, ಭಾನುವಾರ

ನಿನ್ನೆ ಧ್ರುವ ಬಂದ, ಕಪ್ಪು ಬೂಟಿನ ಡಬ್ಬಿ ಕಂಕುಳಲ್ಲಿ. ಅಮ್ಮನ ಹತ್ತಿರ ಧಾರಾಳವಾಗಿ ಮಾತು, ನನ್ನ ಹತ್ತಿರ ಉಪ್ಪು ಕೊಡಿ, ಟವೆಲ್ ಎಲ್ಲಿ, ಇಷ್ಟೇ. ನಾನೂ ಮೇಲೆ ಬಿದ್ದು ಮಾತಾಡಿಸಲಿಲ್ಲ.

ಬೆಳಿಗ್ಗೆ ಅನಸೂಯಾ ತಾನಾಗಿಯೇ ಜಮಖಾನ ಹಾಸಿಕೊಟ್ಟಳು. ನಾನು ಜಗಲಿಯಲ್ಲಿ ಪೇಪರ್ ಹಿಡಿದು ಕೂತಿದ್ದೆ. ಒಳಗೆ ಡಯಲು ತಿರುಗುವ ಸದ್ದು, ಧಪ್ ಧಪ್ ಹೆಜ್ಜೆ. ಸುಮಾರು ಹೊತ್ತಾದ ಮೇಲೆ ಕರೆದ.

"ಅಪ್ಪ, ಸ್ವಲ್ಪ ಬನ್ನಿ. ಮಂಡಿ ಬಗ್ಗಿಸ್ತೀನಿ, ಹಿಂದಿನಿಂದ ನೋಡಿ. ಹಿಮ್ಮಡಿ ಏಳತ್ತಾ?"

ಅವನ ಹಿಂದೆ ನೆಲಕ್ಕೆ ಕೂತೆ. ಬಲಗಾಲು ಕಲ್ಲಿನಂತೆ ನಿಂತಿತ್ತು. ಎಡಗಾಲಿನ ಕಡೆ ಬೂಟಿನ ಕುತ್ತಿಗೆ ಒಂಚೂರು ಬಾಯಿ ತೆರೆಯಿತು. ಏನೂ ಇಲ್ಲ ಎಂದುಬಿಟ್ಟರೆ ಈ ಒಳ್ಳೆಯ ಗಳಿಗೆ ಕೆಡುವುದಿಲ್ಲ ಎಂಬ ಆಸೆ ಬಂತು.

"ಬಲ ಸರಿ ಇದೆ. ಎಡ ಕೂದಲೆಳೆಯಷ್ಟು ಏಳತ್ತೆ," ಎಂದೆ.

ಕೂತು ಮೆತ್ತೆ ಹೊರಗೆಳೆದು ನೋಡಿದ. ಒಳಗಿನ ದಾರ ಒಂದು ಕಡೆ ಸಡಿಲವಾಗಿತ್ತು. ಬಿಗಿದು ಮತ್ತೆ ನಿಂತ. "ಈಗ?"

"ಈಗ ಇಲ್ಲ."

"ಶುವರ್?"

"ಇನ್ನೊಂದು ಸಲ ಬಗ್ಗು." ಬಗ್ಗಿದ. "ಇಲ್ಲ."

ಬೆರಳಿನ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಕಾಫಿ ಬೇಕೇ ಎಂದು ಕೇಳಿದೆ. ಬೇಕು ಎಂದ.

ಜನವರಿ 14, ಮಂಗಳವಾರ

ಸಂಕ್ರಾಂತಿ. ಎಳ್ಳು ಬೀರಲು ಇಲ್ಲಿ ಕನ್ನಡದವರ ಎಂಟು ಮನೆ, ಎಂಟೂ ಮುಗಿಸಿ ಬರುವಷ್ಟರಲ್ಲಿ ಅನಸೂಯಾ ಸುಸ್ತು. ನಾನು ಬೆಳಗಿನಿಂದ ಫೋನನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೆ. ಧ್ರುವ ಗುಲ್ಮಾರ್ಗಿನಲ್ಲಿ ಇವತ್ತು ಮೊದಲ ಸಲ ಹಿಮಕ್ಕೆ ಇಳಿಯುವವನಿದ್ದ. ಹನ್ನೊಂದು, ಹನ್ನೆರಡು, ಎರಡು, ಮೂರು. ಸಿಗ್ನಲ್ ಇರುವುದಿಲ್ಲ ಎಂದು ಅವಳು ನನಗೆ ಸಮಾಧಾನ ಹೇಳಿದಳು, ನಾನು ಅವಳಿಗೆ ಹೇಳಿದೆ.

ನಾಲ್ಕೂಕಾಲಿಗೆ ಬಂತು. ಅಮ್ಮನ ಫೋನಿಗಲ್ಲ, ನನಗೆ.

"ಅ‌ಪ್ಪಾ, ಇವತ್ತು ಮೂರು ಸಲ ಬಿದ್ದೆ."

"ಬೂಟು..." ಎಂದೆ.

"ಬೂಟು ಅಲುಗಾಡಿಲ್ಲ. ಕಾಲಿಗೆ ಏನೂ ಆಗಿಲ್ಲ." ಗಾಳಿಯ ಸದ್ದಿನ ನಡುವೆ ಅವನು ನಗುತ್ತಿರುವುದು ಕೇಳಿಸಿತು. "ಮೂರೂ ಸಲ ನಾನಾಗೇ ಬಿದ್ದಿದ್ದು. ನೀವು ಮೈಮೇಲೆ ಹಾಕ್ಕೋಬೇಡಿ."

ಮತ್ತೇನೋ ಹೇಳಿದ, ಗಾಳಿಗೆ ಕೇಳಿಸಲಿಲ್ಲ. ಅನಸೂಯಾ ಎಳ್ಳಿನ ತಟ್ಟೆ ಹಿಡಿದುಕೊಂಡೇ ಓಡಿ ಬಂದು ಏನಂತೆ, ಏನಂತೆ ಎಂದಳು.

"ಮೂರು ಸಲ ಬಿದ್ದನಂತೆ," ಎಂದೆ.

"ಮಗ ಬಿದ್ದ ಅಂತ ಯಾರಾದ್ರೂ ಹೀಗೆ ನಗ್ತಾರೇನ್ರೀ!" ಎಂದಳು.